ಉಯ್ಯಾಲೆ ಕೊಳ್ಳುವವರೇ, ಆಯಸ್ಕಾಂತದ ಆಟ ನಂಬಬೇಡಿ

ಸಿಟೌಟಿಗೆ ಉಯ್ಯಾಲೆ ಹಾಕಿಸಲು ಹೊರಟವರು, ಅದರಲ್ಲೂ ಕರಾವಳಿಯವರು, ಇದನ್ನು ಓದಿಯೇ ಅಡ್ವಾನ್ಸ್ ಕೊಡಿ. "304 ಸ್ಟೀಲ್ ಅಕ್ಕ, ಜನ್ಮದಲ್ಲಿ ತುಕ್ಕು ಹಿಡಿಯುವುದಿಲ್ಲ" ಅಂತ ಹೇಳಿ ಮಾರಿದ ಸರಪಳಿ ಒಂದೇ ಮಳೆಗಾಲಕ್ಕೆ ಕಂದು ಬಣ್ಣಕ್ಕೆ ತಿರುಗಿದೆ (304 ಅಂದರೆ ಸ್ಟೇನ್‌ಲೆಸ್ ಸ್ಟೀಲಿನ ಒಂದು ಗ್ರೇಡ್). ಕೊಟ್ಟದ್ದು 32,000 ರೂಪಾಯಿ. ಬರೆಯುವಾಗಲೂ ಹೊಟ್ಟೆ ಉರಿಯುತ್ತಿದೆ.

ನಮ್ಮ ಮನೆ ಕುಂದಾಪುರದ ಹತ್ತಿರ. ರಾತ್ರಿ ಮಲಗಿದರೆ ಕಡಲಿನ ಸದ್ದು ಕೇಳುತ್ತದೆ, ಅಷ್ಟು ಹತ್ತಿರ. ಇದನ್ನು ಶೋರೂಮಿಗೆ ಕಾಲಿಟ್ಟ ಕೂಡಲೇ ಹೇಳಿದ್ದೆ. ಉಪ್ಪು ಗಾಳಿ, ಜೂನ್‌ನಿಂದ ಎರಚಲು ಮಳೆ, ಅದಕ್ಕೆಲ್ಲ ತಡೆಯುವಂಥದ್ದೇ ತೋರಿಸಿ ಅಂತ. ಅವನು ನಕ್ಕು ಡ್ರಾಯರ್‌ನಿಂದ ಒಂದು ಆಯಸ್ಕಾಂತ ತೆಗೆದ. ಸರಪಳಿಗೆ ಹಿಡಿದ, ಅಂಟಲಿಲ್ಲ. ಪಕ್ಕದ ಕಬ್ಬಿಣದ ಕುರ್ಚಿಗೆ ಹಿಡಿದ, ಟಪ್ ಅಂತ ಅಂಟಿತು. "ನೋಡಿದ್ರಾ ಅಕ್ಕ? ಇನ್ನೆಂತ ಪ್ರೂಫ್ ಬೇಕು ನಿಮಗೆ?"

ಈ ಆಯಸ್ಕಾಂತದ ಆಟವೇ ಮೋಸ. 202 ಅಂತ ಇನ್ನೊಂದು ಸ್ಟೀಲ್ ಇದೆ, ಅದಕ್ಕೂ ಆಯಸ್ಕಾಂತ ಅಂಟುವುದಿಲ್ಲ! 304ರಲ್ಲಿ ಸುಮಾರು 18% ಕ್ರೋಮಿಯಂ, 8% ನಿಕಲ್ ಇರುತ್ತದೆ. ನಿಕಲ್ ದುಬಾರಿ, ಹಾಗಾಗಿ 202ರಲ್ಲಿ ಅದನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಜಾಸ್ತಿ ಹಾಕುತ್ತಾರೆ. ಅಂಗಡಿಯ ಲೈಟಿನಲ್ಲಿ ಎರಡೂ ಒಂದೇ ರೀತಿ ಹೊಳೆಯುತ್ತವೆ. ಕಡಲ ಬದಿಯಲ್ಲಿ ಒಂದು ಮಳೆಗಾಲ ಹೋದ ಮೇಲೆ ಬಂಡವಾಳ ಬಯಲಾಗುತ್ತದೆ.

ಶುರುವಾದದ್ದು ಕೊಂಡಿಗೆ ಕೊಂಡಿ ಉಜ್ಜುವ ಜಾಗದಲ್ಲಿ. ಅಲ್ಲಿ ಕಂದು ಉಂಗುರ, ಕೆಳಗೆ ಕುಶನ್ ಮೇಲೆ ಕಾಫಿಪುಡಿ ಚೆಲ್ಲಿದ ಹಾಗೆ ಪುಡಿ. ದೀಪಾವಳಿಗೆ ದೊಡ್ಡಪ್ಪ ಬಂದು ಕೂತರು. ಎದ್ದಾಗ ಬಿಳಿ ಪಂಚೆಯ ಬದಿಗೆ ಉದ್ದಕ್ಕೆ ಕಂದು ಪಟ್ಟಿ. "ಇದೆಂತ ಮಗಾ, ಹೊಸ ಉಯ್ಯಾಲೆ ಅಂದಿದ್ದೆ ಅಲ್ವಾ?" ಮನೆ ತುಂಬ ನೆಂಟರು. ನನಗೆ ಮುಖ ಎಲ್ಲಿಡುವುದು ಗೊತ್ತಾಗಲಿಲ್ಲ. ಹಳೇ ಮನೆ ಚಾವಡಿಯಲ್ಲಿದ್ದ ಹೆಬ್ಬಲಸಿನ ತೂಗುಮಂಚದ ಬರೀ ಕಬ್ಬಿಣದ ಸರಪಳಿ ಕೂಡ ಇಷ್ಟು ಮಾನ ಕಳೆದಿರಲಿಲ್ಲ.

ನಾದಿನಿಯ ಮಗ ಫ್ಯಾಬ್ರಿಕೇಶನ್ ಕೆಲಸದವನು. ಅವನು ಸ್ಟೀಲ್ ಪರೀಕ್ಷಿಸುವ ದ್ರಾವಣದ ಒಂದು ಸಣ್ಣ ಬಾಟಲಿ, ಒಂದು 9 ವೋಲ್ಟ್ ಬ್ಯಾಟರಿ ತಂದ. ಸರಪಳಿಯ ಮೇಲೆ ಒಂದು ಹನಿ ಬಿಟ್ಟು ಬ್ಯಾಟರಿಯ ವೈರ್ ಮುಟ್ಟಿಸಿದ. ಹನಿ ಕೆಂಪಗಾಯಿತು. "ಅತ್ತೆ, 304 ಆಗಿದ್ದರೆ ಕೆಂಪಾಗುತ್ತಿರಲಿಲ್ಲ. ಇದು 202." ಆ ಕೆಂಪು ನೋಡುತ್ತಿದ್ದ ಹಾಗೆ ಶೋರೂಮಿನವನ ನಗುವೇ ಕಣ್ಣ ಮುಂದೆ ಬಂತು. ಅವನಿಗೆ ಎಲ್ಲ ಗೊತ್ತಿತ್ತು. ಆಯಸ್ಕಾಂತ ಡ್ರಾಯರ್‌ನಲ್ಲಿ ರೆಡಿ ಇತ್ತು ಅಂದರೆ ದಿನಾ ಇದೇ ನಾಟಕ ಅಲ್ವಾ?

ಶೋರೂಮಿನವನಿಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದೆ. ಬಂದ ಉತ್ತರಗಳನ್ನು ಇದ್ದ ಹಾಗೇ ಹಾಕುತ್ತಿದ್ದೇನೆ.

"ಅದು ತುಕ್ಕಲ್ಲ ಅಕ್ಕ, ಧೂಳು."

ಒರೆಸಿ ಫೋಟೋ ಕಳಿಸಿದ ಮೇಲೆ: "ತೆಂಗಿನೆಣ್ಣೆ ಹಚ್ಚಿ ನೋಡಿ."

ತೆಂಗಿನೆಣ್ಣೆ! 32,000ದ ಸರಪಳಿಗೆ ನಾನು ತಲೆ ಬಾಚಬೇಕಾ?

ಆಮೇಲೆ "ಸ್ಟೀಲ್ ನಾರು ಹಾಕಿ ಉಜ್ಜಿ" ಅಂದ. ದಯವಿಟ್ಟು ಹಾಗೆ ಮಾಡಬೇಡಿ. ನಾರಿನ ಕಬ್ಬಿಣದ ಚೂರು ಅಲ್ಲೇ ಉಳಿದು ಅದೂ ತುಕ್ಕು ಹಿಡಿಯುತ್ತದೆ. ಕಡೆಗೆ ಹೇಳಿದ್ದು: "ನೀವು ಮೆಂಟೇನ್ ಮಾಡಲಿಲ್ಲ. ಸಮುದ್ರ ನಿಮ್ಮ ಮನೆ ಹತ್ತಿರ ಇದ್ದರೆ ನಾವೆಂತ ಮಾಡುವುದು?" ಅಲ್ಲ ಮಾರ್ರೆ, ಅದನ್ನೇ ಅಲ್ವಾ ನಾನು ಮೊದಲ ದಿನವೇ ಹೇಳಿದ್ದು!

ಹನಿ ಟೆಸ್ಟಿನ ವಿಡಿಯೋ ಕಳಿಸಿದೆ. ಆಗ ಕೇಳಿದ, "ಬಿಲ್ಲಿನಲ್ಲಿ 304 ಅಂತ ಎಲ್ಲಿದೆ?" ತೆಗೆದು ನೋಡಿದರೆ "ಎಸ್.ಎಸ್. ಜೂಲಾ ಸೆಟ್ – 1" ಅಂತ ಮಾತ್ರ. ಬಾಯಿಯಲ್ಲಿ 304, ಬಿಲ್ಲಿನಲ್ಲಿ ಬರೀ ಎಸ್.ಎಸ್., ಅಂದರೆ ಸ್ಟೇನ್‌ಲೆಸ್ ಸ್ಟೀಲ್ ಅಂತ ಅಷ್ಟೇ.

ಹಲಗೆಯ ಬಗ್ಗೆ ದೂರಿಲ್ಲ, ಸಾಗುವಾನಿಯೇ. ಸ್ಲ್ಯಾಬ್ ಹಾಕುವಾಗಲೇ ಕಂಬಿಗೆ ಕಟ್ಟಿ ಬಿಟ್ಟ ಕೊಕ್ಕೆ ನಮ್ಮದೇ, ಅದೂ ಗಟ್ಟಿ ಇದೆ. ಆಮೇಲೆ ಡ್ರಿಲ್ ಮಾಡಿ ಕೊಕ್ಕೆ ಕೂರಿಸುವವರಾದರೆ ಸರಿಯಾದ ಆಂಕರ್ ಹಾಕಿಸಿ, ಇಂಥವರ ಹುಡುಗರ ಕೈಗೆ ಬಿಡಬೇಡಿ. ತಲೆ ಮೇಲಿನ ವಿಷಯ.

ಸರಪಳಿ, ಕೊಕ್ಕೆ, ಬೋಲ್ಟು ಎಲ್ಲದರ ಗ್ರೇಡ್ ಬಿಲ್ಲಿನಲ್ಲಿ ಬರೆಸಿ. ಬರೆಯಲು ತಡವರಿಸಿದರೆ ಎದ್ದು ಬನ್ನಿ. ಹನಿ ಟೆಸ್ಟ್ ಅಂಗಡಿಯಲ್ಲೇ ಮಾಡಿಸಿ. ಕಡಲ ಬದಿಯಲ್ಲಿ ನಿಜವಾದ 304 ಕೂಡ ಸ್ವಲ್ಪ ಕಲೆಯಾಗುತ್ತದೆ, ದುಡ್ಡಿದ್ದರೆ 316 ಕೇಳಿ. ಅದರಲ್ಲಿ ಮಾಲಿಬ್ಡಿನಮ್ ಇರುವುದರಿಂದ ಉಪ್ಪಿಗೆ ಹೆಚ್ಚು ತಡೆಯುತ್ತದೆ. ಯಾವುದೇ ಆದರೂ ವಾರಕ್ಕೊಮ್ಮೆ ಬಾವಿ ನೀರಿನಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸಿ, ಉಪ್ಪು ಕೂರಬಾರದು. ಆ್ಯಸಿಡ್ ಇರುವ ಕ್ಲೀನರ್ ಬೇಡವೇ ಬೇಡ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಗೂಗಲ್‌ನಲ್ಲೂ ರಿವ್ಯೂ ಹಾಕಿದ್ದೇನೆ. ಈಗ ಅವನದ್ದೇ ಮೆಸೇಜ್: "ಅಕ್ಕ, ರಿವ್ಯೂ ತೆಗೆಯಿರಿ, ಬೇರೆ ಸರಪಳಿ ಅರ್ಧ ರೇಟಿಗೆ ಕೊಡ್ತೇನೆ." ಅದು 304ಓ 202ಓ ಅಂತ ಕೇಳಿದೆ. ನೀಲಿ ಟಿಕ್ ಬಿದ್ದಿದೆ, ಉತ್ತರ ಇಲ್ಲ.