ಬನವಾಸಿ–ಗುಡ್ನಾಪುರ ಮಾರ್ಗದರ್ಶಿ ಪ್ರವಾಸ: ಮೊದಲ ದಿನಕ್ಕೆ ಪೂರ್ಣ ಅಂಕ, ಎರಡನೆಯ ದಿನಕ್ಕೆ ಅರ್ಧ

ಶಿರಸಿ ಸಮೀಪದ ಹೋಮ್‌ಸ್ಟೇಯೊಂದು ಪುರಾತತ್ತ್ವ ಮತ್ತು ಜನಜೀವನದ ಪರಿಚಯಕ್ಕೆಂದು ಎರಡು ದಿನಗಳ ಪ್ರವಾಸವನ್ನು ನಡೆಸುತ್ತದೆ. ಮೊದಲ ದಿನ ಬನವಾಸಿ ಮತ್ತು ಗುಡ್ನಾಪುರ, ಎರಡನೆಯ ದಿನ ಯಲ್ಲಾಪುರದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಜನವಸತಿ. ಕಳೆದ ಚಳಿಗಾಲದಲ್ಲಿ ಇದರಲ್ಲಿ ಭಾಗವಹಿಸಿದ ಮೇಲೆ ನನಗನಿಸಿದ್ದು ಇಷ್ಟು: ಕಲ್ಲುಗಳ ಬಗ್ಗೆ ಮಾತನಾಡುವಾಗ ಸಂಘಟಕರು ತೋರುವ ಎಚ್ಚರ ಬದುಕಿರುವ ಮನುಷ್ಯರ ಬಗ್ಗೆ ಮಾತನಾಡುವಾಗ ಇರುವುದಿಲ್ಲ.

ಮೊದಲ ದಿನದ ಮಾರ್ಗದರ್ಶಕರು ಇತಿಹಾಸವನ್ನು ಓದಿಕೊಂಡವರು. ಮಧುಕೇಶ್ವರ ದೇವಾಲಯಕ್ಕೆ ಬರುವ ಬಹುತೇಕರಿಗೆ ನಂದಿಯ ಒಂದು ಕಣ್ಣು ಶಿವನ ಕಡೆಗೂ ಇನ್ನೊಂದು ಪಾರ್ವತಿಯ ಕಡೆಗೂ ಇದೆ ಎಂಬ ಕಥೆಯೇ ಸಿಗುತ್ತದೆ. ಇವರು ಅದನ್ನು ಒಂದೇ ವಾಕ್ಯದಲ್ಲಿ ಮುಗಿಸಿ ನಮ್ಮನ್ನು ನೇರವಾಗಿ ನಾಗಶಿಲ್ಪದ ಮುಂದೆ ನಿಲ್ಲಿಸಿದರು. ಐದು ಹೆಡೆಗಳ ಆ ಕಲ್ಲಿನ ಅಂಚಿನಲ್ಲಿ ಬ್ರಾಹ್ಮೀ ಲಿಪಿಯ ಪ್ರಾಕೃತ ಶಾಸನವಿದೆ. ಚುಟು ವಂಶದ ಅರಸನ ಮಗಳು ನಾಗಶ್ರೀ ಒಂದು ನಾಗಪ್ರತಿಮೆಯನ್ನೂ ಕೆರೆಯನ್ನೂ ವಿಹಾರವನ್ನೂ ದಾನವಾಗಿ ಕೊಟ್ಟದ್ದನ್ನು ಅದು ಹೇಳುತ್ತದೆ. ಕೆತ್ತಿದ ಶಿಲ್ಪಿ ನಟಕನ ಹೆಸರೂ ಉಳಿದಿದೆ. ಕದಂಬರಿಗಿಂತ ಹಿಂದಿನ ಈ ಊರಿನಲ್ಲಿ ಬೌದ್ಧ ವಿಹಾರ, ನಾಗಾರಾಧನೆ ಮತ್ತು ರಾಜಮನೆತನದ ಹೆಣ್ಣೊಬ್ಬಳ ಸ್ವಂತ ದಾನ ಒಂದೇ ಕಲ್ಲಿನಲ್ಲಿ ಸೇರಿಕೊಂಡಿರುವುದನ್ನು ಅವರು ಯಾವ ಆವೇಶವೂ ಇಲ್ಲದೆ ವಿವರಿಸಿದರು. ಮೈಸೂರು ವಿಶ್ವವಿದ್ಯಾನಿಲಯದವರು 1970ರ ದಶಕದ ಆರಂಭದಲ್ಲಿ ನಡೆಸಿದ ಉತ್ಖನನದಲ್ಲಿ ಗಜಪೃಷ್ಠಾಕಾರದ (ಒಂದು ತುದಿ ಅರ್ಧವೃತ್ತವಾಗಿರುವ) ಇಟ್ಟಿಗೆ ಕಟ್ಟಡಗಳ ತಳಪಾಯಗಳು ಸಿಕ್ಕಿದ್ದನ್ನು ಇದಕ್ಕೆ ಜೋಡಿಸಿ ಹೇಳಿದ್ದರಿಂದ, ಶಾಸನದ ಮಾತು ಮತ್ತು ಮಣ್ಣಿನ ಸಾಕ್ಷ್ಯ ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಕ್ರಮ ಕೇಳುಗರಿಗೆ ತಾನಾಗಿಯೇ ತಿಳಿಯಿತು.

ಕದಂಬ ರಾಜ್ಯದ ಸ್ಥಾಪಕ ಮಯೂರಶರ್ಮ ಕಂಚಿಯಲ್ಲಿ ಅವಮಾನಗೊಂಡು ಶಾಸ್ತ್ರ ಬಿಟ್ಟು ಶಸ್ತ್ರ ಹಿಡಿದ ಕಥೆಯನ್ನು ಯಾರೋ ಕೇಳಿದಾಗಲೂ ಅವರು ಅದನ್ನು ನಾಟಕೀಯವಾಗಿ ಹೇಳಲು ಹೋಗಲಿಲ್ಲ. ಕಥೆಯ ಮೂಲ ತಾಳಗುಂದದ ಸ್ತಂಭಶಾಸನ, ಅದನ್ನು ರಚಿಸಿದವನು ಕುಬ್ಜನೆಂಬ ಕವಿ, ಬರೆಸಿದ್ದು ಮಯೂರನ ವಂಶದವರೇ, ಅದೂ ಸುಮಾರು ನೂರು ವರ್ಷಗಳ ನಂತರ ಎಂದು ಹೇಳಿ, ಎಷ್ಟನ್ನು ನಂಬಬೇಕೆಂಬುದನ್ನು ನಮಗೇ ಬಿಟ್ಟರು. ಗುಡ್ನಾಪುರದಲ್ಲಿ ಕೆರೆಯ ಬಳಿ ಕುಳಿತು ಕದಂಬ ಅರಸ ರವಿವರ್ಮನ ಸ್ತಂಭಶಾಸನವನ್ನು ಪರಿಚಯಿಸಿದ್ದು ಇಡೀ ದಿನದ ಅತ್ಯುತ್ತಮ ಭಾಗ. ಕಾಮಜಿನಾಲಯವೆಂಬ ಗುಡಿ, ಅದರ ಆಸುಪಾಸಿನ ಅರಮನೆ, ಅಂತಃಪುರ ಮತ್ತು ನರ್ತನಶಾಲೆಗಳನ್ನು ಹೆಸರಿಸುವ ಆ ಸಂಸ್ಕೃತ ಶಾಸನವನ್ನು ನೆಲದ ಮೇಲೆ ಕಡ್ಡಿಯಿಂದ ನಕ್ಷೆ ಬರೆದು ತೋರಿಸಿದಾಗ, ಆರನೆಯ ಶತಮಾನದ ರಾಜಾವಾಸವೊಂದರ ವಿನ್ಯಾಸ ಕಣ್ಣಿಗೆ ಕಟ್ಟಿತು.

ಊಟ ಚೆನ್ನಾಗಿತ್ತು, ಅಪ್ಪೆಹುಳಿಯ ಬಗ್ಗೆ ದೂರಿಲ್ಲ.

ಎರಡನೆಯ ದಿನದ ಮಾರ್ಗದರ್ಶಕರು ಬೇರೆಯವರು. ‘ನಾನೂರು ವರ್ಷಗಳಿಂದ ಸ್ವಲ್ಪವೂ ಬದಲಾಗದ ಆಫ್ರಿಕಾದ ಬುಡಕಟ್ಟು’ ಎಂದೇ ಅವರು ಮಾತು ಆರಂಭಿಸಿದರು. ಬದಲಾಗಿಲ್ಲವೆನ್ನಲು ಆಧಾರವಾದರೂ ಏನು? ಸಿದ್ದಿಗಳ ಪೂರ್ವಜರಲ್ಲಿ ಅನೇಕರನ್ನು ಗುಲಾಮರನ್ನಾಗಿ ಗೋವೆಗೆ ತಂದವರು ಪೋರ್ಚುಗೀಸರು. ಇಂದು ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ, ಬಹುಪಾಲು ಮನೆಗಳಲ್ಲಿ ಕೊಂಕಣಿ ಕೇಳಿಸುತ್ತದೆ. ಅವರಲ್ಲಿ ಆಫ್ರಿಕಾದ ಬಾಂಟು ಮೂಲದ ಜೊತೆಗೆ ಭಾರತೀಯ ಮತ್ತು ಯುರೋಪಿಯನ್ ಮಿಶ್ರಣವೂ ಇರುವುದನ್ನು 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿದೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ; 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು. ಇವುಗಳಲ್ಲಿ ಒಂದೂ ನಮ್ಮ ಕಿವಿಗೆ ಬೀಳಲಿಲ್ಲ. ಅಂಗಳದಲ್ಲಿ ಡಮಾಮಿ ಕುಣಿತ ನಡೆಯಿತು, ಮೊಬೈಲುಗಳು ಮೇಲೆದ್ದವು, ಕುಣಿದವರನ್ನು ಮಾತನಾಡಿಸಲು ವೇಳಾಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

ಆ ದಿನಕ್ಕೆ ಅರ್ಧ ಅಂಕವಾದರೂ ದಕ್ಕಿದ್ದು ಕೌದಿ ಹೊಲಿಯುತ್ತಿದ್ದ ಹಿರಿಯ ಹೆಂಗಸೊಬ್ಬರಿಂದ. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ನಡುವಿನತ್ತ ಹೊಲಿಯುತ್ತ ಹೋಗುವ ಕ್ರಮವನ್ನೂ, ಮೂಲೆಗಳಿಗೆ ತ್ರಿಕೋನದ ‘ಫುಲ’ ಹಚ್ಚದೆ ಕೌದಿ ಪೂರ್ತಿಯಾಗುವುದಿಲ್ಲ ಎಂಬುದನ್ನೂ ಅವರು ಕೈಕೆಲಸ ನಿಲ್ಲಿಸದೆಯೇ ಹೇಳಿದರು. ಮಾರ್ಗದರ್ಶಕರು ಅನುವಾದಕರಾಗಿ ಪಕ್ಕದಲ್ಲಿ ಕುಳಿತಿದ್ದರೆ ಸಾಕಾಗಿತ್ತು. ಅವರು ಗಡಿಯಾರ ನೋಡುತ್ತಿದ್ದರು.

ನಾಗಶ್ರೀಯ ದಾನಕ್ಕೆ ಆಧಾರ ಕೇಳುವ ಸಂಸ್ಥೆ ಸಿದ್ದಿಗಳ ಬಗ್ಗೆ ಆಡುವ ಮಾತಿಗೂ ಆಧಾರವನ್ನು ಕೇಳಿಕೊಳ್ಳಬೇಕು, ಸಾಧ್ಯವಾದರೆ ಎರಡನೆಯ ದಿನದ ಮಾರ್ಗದರ್ಶನವನ್ನು ಸಂಭಾವನೆಯೊಂದಿಗೆ ಸಿದ್ದಿ ಸಮುದಾಯದವರಿಗೇ ವಹಿಸಬೇಕು ಎಂದು ಹೊರಡುವಾಗ ಬರೆದು ಕೊಟ್ಟಿದ್ದೇನೆ. ವಿಚಾರಿಸಿದರೆ ಮೊದಲ ದಿನದ ಪ್ರವಾಸವನ್ನಷ್ಟೇ ಪ್ರತ್ಯೇಕವಾಗಿ ಕಾಯ್ದಿರಿಸಲು ಅವಕಾಶ ಕೊಡುತ್ತಾರೆ. ಸದ್ಯಕ್ಕೆ ಹಾಗೆ ಮಾಡುವುದು ಒಳ್ಳೆಯದು, ಮತ್ತು ಕದಂಬೋತ್ಸವದ ಜನಸಂದಣಿಯ ದಿನಗಳನ್ನು ಬಿಟ್ಟು ಹೋದರೆ ನಾಗಶಿಲ್ಪದ ಮುಂದೆ ಬೇಕಾದಷ್ಟು ಹೊತ್ತು ನಿಲ್ಲಬಹುದು.