ಎಳೆದು ಬಿಟ್ಟು ಆ್ಯಪ್ ಮಾಡಲು ಹೊರಟಿದ್ದೀರಾ? ಮೊದಲು ನನ್ನ ಪಾಡು ಕೇಳಿ

2024ರ ನವೆಂಬರ್ ಕೊನೆಯ ಒಂದು ಸಂಜೆ. ಏಳು ಗಂಟೆ ಹೊತ್ತಿಗೆ ನನ್ನ ಫೋನ್ ಒಂದೇ ಸಮನೆ ಹೊಡೆದುಕೊಳ್ಳಲು ಶುರುವಾಯಿತು. ಯಕ್ಷಗಾನ ಮೇಳಗಳು ಆಗಷ್ಟೇ ತಿರುಗಾಟಕ್ಕೆ ಹೊರಟಿದ್ದವು. ಇವತ್ತು ಯಾವ ಮೇಳದ ಆಟ ಎಲ್ಲಿ ಅಂತ ತೋರಿಸುವ ಸಣ್ಣ ಆ್ಯಪ್ ಒಂದನ್ನು ನಾನು ಮಾಡಿದ್ದೆ. ಅವತ್ತು ಅದನ್ನು ತೆರೆದವರಿಗೆ ಪಟ್ಟಿ ಕಾಣಲಿಲ್ಲ. ಬಿಳಿ ಪರದೆ, ಅದರ ನಡುವೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಈ ಆ್ಯಪ್‌ನ ಚಂದಾ ಮುಗಿದಿದೆ. "ಎಂತ ಮಾರಾಯ, ಮೇಳ ಹೊರಟ ವಾರದಲ್ಲೇ ನಿನ್ನ ಚೌಕಿಗೆ ಬೀಗ ಬಿತ್ತಾ?" ಅಂತ ಒಬ್ಬರು ಕೇಳಿದರು. ಚೌಕಿ ಅಂದರೆ ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ. ನನಗೆ ನಗು ಬರಲಿಲ್ಲ.

ನಾನು ಕುಂದಾಪುರದ ಕಡೆಯವನು. ಪ್ರಿಂಟಿಂಗ್ ಅಂಗಡಿ ಇಟ್ಟಿದ್ದೇನೆ. ಮದುವೆ ಕಾಗದ, ಬ್ಯಾನರ್, ಯಕ್ಷಗಾನದ ಕರಪತ್ರ, ಇವೇ ಹೊಟ್ಟೆಪಾಡು. ಕೋಡಿಂಗ್‌ನ ಗಂಧಗಾಳಿ ಇಲ್ಲ. ಆದರೆ ಕೋರೆಲ್‌ಡ್ರಾದಲ್ಲಿ ಇಪ್ಪತ್ತು ವರ್ಷ ಕೈ ಪಳಗಿದೆ. ಕರಪತ್ರ ನನ್ನಲ್ಲೇ ಅಚ್ಚಾಗುವುದರಿಂದ ಎಷ್ಟೋ ಆಟಗಳ ತಾರೀಕು ಮೊದಲು ನನಗೇ ಗೊತ್ತಾಗುತ್ತೆ. ಇದನ್ನೆಲ್ಲ ಒಂದು ಆ್ಯಪ್‌ಗೆ ಹಾಕಿದರೆ ಹೇಗೆ ಅಂತ 2023ರ ಸೆಪ್ಟೆಂಬರ್‌ನಲ್ಲಿ ಹುಳ ಹೊಕ್ಕಿತು. ಹುಡುಕಿದಾಗ "ಕೋಡ್ ಬೇಡ, ಎಳೆದು ಬಿಡಿ, ಆ್ಯಪ್ ರೆಡಿ" ಅನ್ನುವ ಟೂಲ್ ಒಂದು ಸಿಕ್ಕಿತು. ಅದರ ಹೆಸರು ಹೇಳುವುದಿಲ್ಲ. ಆ ಜಾತಿಯವು ಹತ್ತಾರಿವೆ, ಒಂದರ ಹೆಸರು ಹೇಳಿದರೆ ನೀವು ಪಕ್ಕದ್ದಕ್ಕೆ ಹೋಗಿ ಬೀಳುತ್ತೀರಿ, ಅಷ್ಟೇ.

ಎರಡು ಸಂಜೆಯಲ್ಲಿ ನಾಲ್ಕು ಪುಟ ಸಿದ್ಧವಾದವು. ಎಡಗಡೆಯ ಪಟ್ಟಿಯಿಂದ ಬಟನ್ ಎಳೆ, ನಡುವಿನ ಫೋನಿನ ಚಿತ್ರದ ಮೇಲೆ ಬಿಡು. ಮೇಳದ ಲಾಂಛನ ಇಲ್ಲಿ, ಊರಿನ ಹೆಸರು ಅಲ್ಲಿ. ನನಗಂತೂ ಬ್ಯಾನರ್ ಮಾಡಿದಷ್ಟೇ ಸಲೀಸು ಅನ್ನಿಸಿತು. ಖುಷಿಯಲ್ಲಿ ವರ್ಷದ ಚಂದಾ ಒಂದೇ ಸಲ ಕಟ್ಟಿದೆ. ತಿಂಗಳ ಲೆಕ್ಕಕ್ಕಿಂತ ಅಗ್ಗ ಅಂತ. ಡಾಲರ್ ಲೆಕ್ಕ, ನಮ್ಮ ದುಡ್ಡಲ್ಲಿ ಇಪ್ಪತ್ತು ಸಾವಿರ ದಾಟಿತ್ತು.

ಮೊದಲ ಪೆಟ್ಟು ಅಪ್ಪನ ಫೋನಿನಲ್ಲಿ ಬಿತ್ತು. ಅಪ್ಪ ಅಕ್ಷರದ ಗಾತ್ರವನ್ನು ಫೋನ್ ಕೊಡುವಷ್ಟೂ ದೊಡ್ಡದು ಮಾಡಿಟ್ಟುಕೊಂಡಿದ್ದಾರೆ. ಅವರಲ್ಲಿ ಆ್ಯಪ್ ತೆರೆದರೆ ಒತ್ತಕ್ಷರಗಳೆಲ್ಲ ಮಾಯ. "ಬಡಗುತಿಟ್ಟು" (ನಮ್ಮ ಕಡೆಯ ಯಕ್ಷಗಾನ ಶೈಲಿ) ಅನ್ನುವುದರಲ್ಲಿ ಟ್ಟು ಹೋಗಿ ಬರೀ ಟು ಉಳಿದಿತ್ತು. "ಸ್ತ್ರೀವೇಷ" ಅನ್ನುವಲ್ಲಿ ತ, ರ ಎರಡೂ ಕೆಳಗಿನಿಂದ ಕತ್ತರಿಸಿ "ಸೀವೇಷ" ಆಗಿತ್ತು. ಕಾರಣ ಸರಳ. ಟೂಲ್ ಪ್ರತಿ ಬಟನ್‌ಗೂ ಇಷ್ಟೇ ಎತ್ತರ ಅಂತ ಗೆರೆ ಹೊಡೆದಿತ್ತು. ಆ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಸಾಕು. ಕನ್ನಡ ಕೆಳಗೆ ಇಳಿಯುತ್ತೆ, ಒಮ್ಮೊಮ್ಮೆ ಎರಡು ಮೆಟ್ಟಿಲು ಇಳಿಯುತ್ತೆ. ಅಳತೆ ಮೀರಿದ್ದನ್ನು ಪರದೆ ಸುಮ್ನೆ ಕತ್ತರಿಸಿ ಹಾಕುತ್ತೆ. ಅದರ ಮೇಲೆ ನಾನು ಚಂದ ಕಂಡಿತು ಅಂತ ಆರಿಸಿದ್ದ ಫಾಂಟ್‌ನಲ್ಲಿ ಕನ್ನಡವೇ ಇರಲಿಲ್ಲ. ಫಾಂಟ್‌ನಲ್ಲಿ ಇಲ್ಲದ ಅಕ್ಷರಕ್ಕೆ ಫೋನ್ ತನ್ನದೇ ಕನ್ನಡ ಫಾಂಟ್ ತಂದು ಹಾಕುತ್ತೆ, ಅದರ ಅಳತೆ ಬೇರೆ.

ಇಪ್ಪತ್ತು ವರ್ಷದ ಅಭ್ಯಾಸವೇ ನನಗೆ ಮೋಸ ಮಾಡಿತ್ತು. ಕಾಗದದ ಅಳತೆ ಒಂದೇ. ಕಂಪ್ಯೂಟರಿನಲ್ಲಿ ಕಂಡದ್ದೇ ಅಚ್ಚಾಗುತ್ತೆ. ಫೋನ್ ಹಾಗಲ್ಲ. ಒಂದು ಉದ್ದ, ಒಂದು ಅಗಲ, ಒಂದಕ್ಕೆ ಹಣೆಯ ಮೇಲೆ ಕ್ಯಾಮೆರಾ ತೂತು. ಎಳೆದು ಬಿಡುವ ಟೂಲ್ ನಿಮಗೆ ತೋರಿಸುವುದು ಅದರಲ್ಲಿ ಒಂದೇ ಒಂದು ಫೋನನ್ನು. ನಾನು ಎಲ್ಲ ಪೆಟ್ಟಿಗೆಗಳ ಎತ್ತರ ತೆಗೆದು "ಅಕ್ಷರ ಇದ್ದಷ್ಟು" ಅಂತ ಬದಲಾಯಿಸಿದೆ. ನಾಲ್ಕು ಪುಟಕ್ಕೆ ಮೂರು ದಿನ ಹಿಡಿಯಿತು. ನೀವು ಇಂಥದ್ದು ಮಾಡುವುದಾದರೆ ಮಾದರಿಗೆ ಟೂಲ್ ಕೊಡುವ ಇಂಗ್ಲಿಷ್ ಪದ ಬಿಡಿ. ಮೊದಲ ದಿನವೇ "ಸ್ತ್ರೀ", "ರಾಷ್ಟ್ರ" ಅಂತ ಬರೆದು, ಫೋನಿನ ಅಕ್ಷರ ದೊಡ್ಡದು ಮಾಡಿ ನೋಡಿ.

ಇದಾದರೂ ಸರಿ, ಕಣ್ಣಿಗೆ ಕಾಣುವ ತಪ್ಪು. ಕಾಣದ್ದು ಜನವರಿಯಲ್ಲಿ ಬಂತು.

ಆಟದ ಪಟ್ಟಿ ಇಡಲು ಗೂಗಲ್‌ನ ಫೈರ್‌ಸ್ಟೋರ್ ಅನ್ನುವ ಡೇಟಾಬೇಸ್ ಬಳಸಿದ್ದೆ. ಟೂಲ್‌ನವರೇ ಹೇಳಿಕೊಟ್ಟಿದ್ದು. ಅದರಲ್ಲಿ ದಿನಕ್ಕೆ 50,000 ಸಲ ಸಾಲು ಓದುವುದು ಪುಕ್ಕಟೆ. ನನ್ನಂಥವನಿಗೆ ಅದು ಮುಗಿಯುವುದೇ ಇಲ್ಲ ಅಂದುಕೊಂಡಿದ್ದೆ. ಡಿಸೆಂಬರ್ ಪೂರ್ತಿ ಇಪ್ಪತ್ತು ಮಂದಿ ಗೆಳೆಯರು ಬಳಸಿದರು, ಏನೂ ತೊಂದರೆ ಇಲ್ಲ. ಜನವರಿ ಎರಡನೇ ಶನಿವಾರ ಯಾರೋ ಲಿಂಕನ್ನು ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಿದರು. ಸಂಜೆ ಆರಕ್ಕೆಲ್ಲ ಆ್ಯಪ್ ಖಾಲಿ. ನನ್ನ ಆ್ಯಪ್‌ಗೆ ಹೆಸರು ಬಂದ ಮೊದಲ ದಿನವೇ ಮರ್ಯಾದೆಯೂ ಹೋಯಿತು.

ಲೆಕ್ಕ ಆಮೇಲೆ ಗೊತ್ತಾಯಿತು. ಟೂಲ್‌ನಲ್ಲಿ "ಇವತ್ತಿನ ತಾರೀಕು ಮಾತ್ರ" ಅಂತ ಸೋಸುವ ಪೆಟ್ಟಿಗೆ ಇತ್ತು. ನಾನು ಅದನ್ನು ಎಳೆದು ಇಟ್ಟಿದ್ದೆ. ಪರದೆಯಲ್ಲಿ ಸರಿಯಾಗಿ ಇಪ್ಪತ್ತು ಆಟ ಕಾಣುತ್ತಿತ್ತು. ಆದರೆ ಅದು ಸೋಸುತ್ತಿದ್ದದ್ದು ಎಲ್ಲವನ್ನೂ ಫೋನಿಗೆ ತರಿಸಿಕೊಂಡ ಮೇಲೆ! ಇಪ್ಪತ್ತು ಮೇಳ, ಐವತ್ತು ದಿನ, ಒಟ್ಟು ಒಂದು ಸಾವಿರ ಸಾಲು. ಒಬ್ಬ ಒಂದು ಸಲ ಆ್ಯಪ್ ತೆರೆದರೆ ಸಾವಿರ ಓದು. ಐವತ್ತನೇ ಸಲಕ್ಕೆ ದಿನದ ಪಾಲು ಖಲಾಸ್. ದಿನ ಕಳೆದಂತೆ ಸಾಲು ಹೆಚ್ಚುತ್ತೆ, ಅಂದರೆ ಆ್ಯಪ್ ತಾನಾಗಿಯೇ ದಿನದಿಂದ ದಿನಕ್ಕೆ ದುಬಾರಿ ಆಗುತ್ತೆ. ಇನ್ನೊಂದು ತಮಾಷೆ ಕೇಳಿ. ಆ ಪುಕ್ಕಟೆ ಪಾಲು ಹೊಸದಾಗಿ ಸಿಗುವುದು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನಡುರಾತ್ರಿ ಆದಾಗ. ಚಳಿಗಾಲದಲ್ಲಿ ಅದು ನಮಗೆ ಮಧ್ಯಾಹ್ನ ಒಂದೂವರೆ. ರಾತ್ರಿ ಆಟ ನೋಡುವವರಿಗಾಗಿ ಮಾಡಿದ ಆ್ಯಪ್ ಮರುದಿನ ಊಟದ ಹೊತ್ತಿಗೆ ಎದ್ದು ಕೂತಿತು.

ಇದರಲ್ಲಿ ಫೈರ್‌ಸ್ಟೋರ್‌ನ ತಪ್ಪಿಲ್ಲ. ಅದು ಕೇಳಿದ್ದನ್ನು ಕೊಟ್ಟಿತು. ಏನು ಕೇಳುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ, ಏಕೆಂದರೆ ಕೇಳುವ ಕೋಡನ್ನು ಬರೆದದ್ದು ನಾನಲ್ಲ, ಟೂಲ್. ಕೊನೆಗೆ ಒಂದು ದಿನದ ಎಲ್ಲ ಆಟಗಳನ್ನು ಒಂದೇ ಸಾಲಿಗೆ ತುಂಬಿ, ಆ ಸಾಲನ್ನಷ್ಟೇ ತರಿಸಿಕೊಳ್ಳುವಂತೆ ಮಾಡಿದೆ. ಈಗ ಒಮ್ಮೆ ತೆರೆದರೆ ಒಂದೇ ಓದು. ಈ ಉಪಾಯ ನಿಮಗೂ ಬೇಕಾಗಬಹುದು.

ಅದೇ ವಾರ ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ ಅಂಗಡಿಗೆ ಬಂದಿದ್ದ. "ಮಾವ, ನಿಮ್ಮ ಪಟ್ಟಿಯನ್ನು ನಾನು ಬದಲಾಯಿಸಬಹುದಾ?" ಅಂತ ಕೇಳಿದ. ಅಷ್ಟು ಹೇಳಿ ತನ್ನ ಲ್ಯಾಪ್‌ಟಾಪಿನಿಂದ ಐದೇ ನಿಮಿಷದಲ್ಲಿ ಒಂದು ಮೇಳದ ಹೆಸರಿನ ಜಾಗದಲ್ಲಿ ತನ್ನ ಬೆಕ್ಕಿನ ಹೆಸರು ಹಾಕಿ ತೋರಿಸಿದ. ಟೂಲ್‌ನ ಪಾಠದ ವಿಡಿಯೋದಲ್ಲಿ ಡೇಟಾಬೇಸ್ ಶುರು ಮಾಡುವಾಗ "ಟೆಸ್ಟ್ ಮೋಡ್" ಆರಿಸಿ ಅಂತ ಹೇಳಿದ್ದರು. ಅಂದರೆ ಯಾರು ಬೇಕಾದರೂ ಓದಬಹುದು, ಬರೆಯಬಹುದು. ಅದು ಮೂವತ್ತು ದಿನಕ್ಕೆ ಮುಗಿಯುತ್ತೆ. ಮುಗಿದಾಗ ಆ್ಯಪ್ ನಿಂತಿತು ಅಂತ ನಾನೇ ಮತ್ತೆ ಬಾಗಿಲು ಪೂರ್ತಿ ತೆರೆದು ಇಟ್ಟಿದ್ದೆ. ನಡುವೆ ಬಂದ ಎಚ್ಚರಿಕೆಯ ಮೇಲ್‌ಗಳನ್ನು ಜಾಹೀರಾತು ಅಂದುಕೊಂಡಿದ್ದೆ. ಯಾರಾದರೂ ತಲೆಕೆಟ್ಟವನು ಊರಿನ ಹೆಸರು ಬದಲಾಯಿಸಿದ್ದರೆ ಜನ ಮಕ್ಕಳು ಮರಿ ಕಟ್ಟಿಕೊಂಡು ರಾತ್ರಿ ಹೊತ್ತು ಖಾಲಿ ಗದ್ದೆಗೆ ಹೋಗಿ ನಿಲ್ಲುತ್ತಿದ್ದರು.

ಒಂದೇ ಒಂದು ತಪ್ಪು ನಮಗೆ ಅನುಕೂಲ ಆಯಿತು, ಅದನ್ನೂ ಹೇಳಿಬಿಡುತ್ತೇನೆ. ಟೂಲ್‌ಗೆ "ಇವತ್ತು" ಅಂದರೆ ಗ್ರೀನ್‌ವಿಚ್ ಗಡಿಯಾರದ ಇವತ್ತು. ನಮಗಿಂತ ಐದೂವರೆ ಗಂಟೆ ಹಿಂದೆ. ಹಾಗಾಗಿ ನಡುರಾತ್ರಿ ಹನ್ನೆರಡಕ್ಕೆ ಪಟ್ಟಿ ಬದಲಾಗುತ್ತಿರಲಿಲ್ಲ, ಬೆಳಿಗ್ಗೆ ಐದೂವರೆಗೆ ಬದಲಾಗುತ್ತಿತ್ತು. ರಾತ್ರಿ ಎರಡು ಗಂಟೆಗೆ ಎದ್ದು ಆಟಕ್ಕೆ ಹೊರಡುವವರಿಗೆ ಇದಕ್ಕಿಂತ ಸರಿಯಾದ "ಇವತ್ತು" ಬೇರೆ ಇಲ್ಲ ಅಲ್ವಾ? ಹೊಸ ಆ್ಯಪ್‌ನಲ್ಲೂ ಇದನ್ನು ಬೇಕಂತಲೇ ಹಾಗೇ ಇಟ್ಟಿದ್ದೇನೆ.

ಮೇ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದವು, ಅಂದರೆ ಆ ವರ್ಷದ ತಿರುಗಾಟ ಮುಗಿಯಿತು. ಮಳೆಗಾಲದಲ್ಲಿ ಟೂಲ್‌ನವರ ಮೇಲ್ ಬಂತು. ಅವರನ್ನು ಇನ್ನೊಂದು ಕಂಪನಿ ಕೊಂಡುಕೊಂಡಿದೆ, "ರೋಮಾಂಚಕ ಹೊಸ ಅಧ್ಯಾಯ", ಇತ್ಯಾದಿ. ಅರ್ಥ ಆಗಿದ್ದು ಆಗಸ್ಟ್‌ನಲ್ಲಿ. ಪ್ಲೇ ಸ್ಟೋರ್‌ನಲ್ಲಿ ವರ್ಷಕ್ಕೊಂದು ಗಡುವು ಇರುತ್ತೆ. 2024ರ ಆಗಸ್ಟ್ 31ರ ನಂತರ ಆ್ಯಪ್‌ಗೆ ಅಪ್‌ಡೇಟ್ ಹಾಕಬೇಕಾದರೆ ಅದು ಆಂಡ್ರಾಯ್ಡ್ 14ಕ್ಕೆ, ಅಂದರೆ ಗೂಗಲ್ ಲೆಕ್ಕದ ಆವೃತ್ತಿ ಸಂಖ್ಯೆ ಎಪಿಐ 34ಕ್ಕೆ ಹೊಂದುವಂತೆ ಕಟ್ಟಿರಬೇಕಿತ್ತು. ಟೂಲ್ ಕಟ್ಟಿಕೊಡುತ್ತಿದ್ದದ್ದು 33ಕ್ಕೆ. ಕೋಡ್ ನನ್ನ ಕೈಯಲ್ಲಿ ಇದ್ದಿದ್ದರೆ ಯಾರ ಹತ್ತಿರವಾದರೂ ಬದಲಾಯಿಸಿಕೊಳ್ಳಬಹುದಿತ್ತು. ಆದರೆ ಎಲ್ಲವೂ ಅವರ ಸರ್ವರ್‌ನಲ್ಲಿ. ಕೋಡ್ ಇಳಿಸಿಕೊಳ್ಳುವ ಬಟನ್ ಇದೆಯಾ ಅಂತ ಅವತ್ತು ಮೊದಲ ಬಾರಿಗೆ ಹುಡುಕಿದೆ. ಇರಲಿಲ್ಲ. ಪ್ಲೇ ಸ್ಟೋರ್‌ಗೆ ಬೇಡಿಕೊಂಡು ಗಡುವನ್ನು ನವೆಂಬರ್ 1ರವರೆಗೆ ಮುಂದೂಡಿಸಿದೆ. ಟೂಲ್‌ನವರಿಗೆ ಬರೆದ ಆರು ಮೇಲ್‌ಗೆ ಒಂದೇ ಉತ್ತರ, "ನಿಮ್ಮ ಸಲಹೆಗೆ ಧನ್ಯವಾದ". ಅಪ್‌ಡೇಟೇ ಹಾಕಲಾಗದ ಟೂಲ್‌ಗೆ ಮತ್ತೆ ದುಡ್ಡು ಏಕೆ ಅಂತ ಚಂದಾ ಬಿಟ್ಟೆ. ಆ್ಯಪ್ ತೆರೆದಾಗಲೆಲ್ಲ ಅದು ಕದ್ದು ಅವರ ಸರ್ವರ್‌ಗೆ ಫೋನ್ ಮಾಡಿ "ಇವನು ದುಡ್ಡು ಕಟ್ಟಿದ್ದಾನಾ" ಅಂತ ಕೇಳುತ್ತಿತ್ತು ಅನ್ನುವುದು ನನಗೆ ಗೊತ್ತಿರಲಿಲ್ಲ. ಬಿಳಿ ಪರದೆ ಬಂದದ್ದು ಹಾಗೆ. ಆ ಹುಡುಗ ಹೇಳಿದ: "ಮಾವ, ಅಭಿಮನ್ಯುವಿನ ವೇಷ ನಿಮಗೇ ಸಿಕ್ಕಿತಲ್ಲ."

ಇದು ನನ್ನೊಬ್ಬನ ಕರ್ಮ ಅಂದುಕೊಂಡಿದ್ದೆ. ಆಮೇಲೆ ಓದಿದರೆ ಇದು ಹಳೆಯ ಕಥೆ. ಫೇಸ್‌ಬುಕ್ 2013ರಲ್ಲಿ ಕೊಂಡ ಪಾರ್ಸ್ ಅನ್ನುವ, ಆ್ಯಪ್‌ಗಳ ಮಾಹಿತಿ ಇಟ್ಟುಕೊಳ್ಳುವ ಸೇವೆಯನ್ನು 2017ರ ಜನವರಿಯಲ್ಲಿ ಮುಚ್ಚಿತು. ಆದರೆ ಒಂದು ವರ್ಷ ಮೊದಲೇ ಹೇಳಿ, ಸರ್ವರ್‌ನ ಕೋಡನ್ನೂ ಬಿಟ್ಟುಕೊಟ್ಟಿತು. ಗೂಗಲ್‌ನ ಆ್ಯಪ್ ಮೇಕರ್ ಕೂಡ ಎಳೆದು ಬಿಡುವ ಟೂಲೇ, 2021ರ ಜನವರಿಯಲ್ಲಿ ನಿಂತಿತು. ಆ್ಯಪ್ ಇನ್ವೆಂಟರ್ ಗೂಗಲ್‌ನಲ್ಲಿ 2010ರಲ್ಲಿ ಹುಟ್ಟಿ 2011ರ ಕೊನೆಗೆ ಅನಾಥವಾಗಿತ್ತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಎತ್ತಿಕೊಂಡಿದ್ದರಿಂದ ಇವತ್ತಿಗೂ ಬದುಕಿದೆ. ಅದು ಪುಕ್ಕಟೆ, ಮಕ್ಕಳಿಗೆ ಕಲಿಸಲು ಚೆನ್ನಾಗಿದೆ, ನನ್ನ ಮಗಳು ಅದರಲ್ಲೇ ಆಡುತ್ತಾಳೆ. ಆದರೆ ಅಲ್ಲಿ ಜೋಡಿಸಿದ ಬ್ಲಾಕುಗಳು ಅದರದೇ ಫೈಲ್ ಆಗಿ ಹೊರಗೆ ಬರುತ್ತವೆ, ಬೇರೆಯವರು ಮುಂದುವರಿಸಬಹುದಾದ ಜಾವಾ ಕೋಡ್ ಆಗಿ ಅಲ್ಲ. ಫ್ಲಟರ್‌ಫ್ಲೋ ತರಹದ ಟೂಲ್‌ಗಳು ಫ್ಲಟರ್ (ಗೂಗಲ್‌ನ ಆ್ಯಪ್ ಕಟ್ಟುವ ಸಲಕರಣೆ) ಕೋಡನ್ನೇ ಬರೆಯುತ್ತವೆ, ದುಡ್ಡು ಕಟ್ಟಿದರೆ ಅದನ್ನು ಇಳಿಸಿಕೊಳ್ಳಲು ಬಿಡುತ್ತವೆ. ಇನ್ನೊಮ್ಮೆ ನಾನು ಎಳೆದು ಬಿಡುವ ಕಡೆ ಹೋದರೆ ಅಂಥದ್ದಕ್ಕೇ ಹೋಗುತ್ತೇನೆ. ಹೋದ ಮೊದಲ ದಿನ ಒಂದು ಖಾಲಿ ಪುಟ ಮಾಡಿ, ಅದರ ಕೋಡ್ ಇಳಿಸಿ, ಟೂಲ್‌ನ ಹಂಗಿಲ್ಲದೆ ಫೋನಿನಲ್ಲಿ ಓಡಿಸಿ ನೋಡುತ್ತೇನೆ. ಅದು ಓಡಿದ ಮೇಲೆಯೇ ಬಟನ್‌ನ ಬಣ್ಣ ಯೋಚಿಸುವುದು.

ಹೊಸ ಆ್ಯಪ್ ಮಾಡಲು ನಾನೂ ಆ ಹುಡುಗನೂ ಕೂತೆವು. ಅಭ್ಯಾಸಬಲ ನೋಡಿ, ಆ್ಯಪ್ ಬರೆಯುವ ಗೂಗಲ್‌ನ ಸಾಫ್ಟ್‌ವೇರ್ ಆಂಡ್ರಾಯ್ಡ್ ಸ್ಟುಡಿಯೋದಲ್ಲೂ ಎಳೆದು ಬಿಡುವ ಜಾಗ ಇದೆ ಅಂತ ಗೊತ್ತಾಗಿ ನಾನು ಮೊದಲು ಅಲ್ಲೇ ಬಟನ್ ಜೋಡಿಸಿದೆ. ಕಂಪ್ಯೂಟರಿನಲ್ಲಿ ಅಂದವಾಗಿತ್ತು. ಫೋನಿನಲ್ಲಿ ಎಲ್ಲ ಬಟನ್‌ಗಳೂ ಎಡಗಡೆಯ ಮೇಲ್ಮೂಲೆಯಲ್ಲಿ ಒಂದರ ಮೇಲೊಂದು ಗುಡ್ಡೆ ಬಿದ್ದಿದ್ದವು! ಪ್ರತಿ ಬಟನ್ ಯಾವುದಕ್ಕೆ ಅಂಟಿಕೊಳ್ಳಬೇಕು ಅಂತ ಗಂಟು ಹಾಕದಿದ್ದರೆ ಅದು ಹಾಗೇ ಮಾಡುತ್ತೆ. ಕೊನೆಗೆ ಫ್ಲಟರ್‌ನಲ್ಲಿ ಕೈಯಿಂದಲೇ ಬರೆದೆವು. ಮೂರು ವಾರದ ಸಂಜೆಗಳು ಬೇಕಾದವು. ನಾಲ್ಕು ಪುಟದ ಆ್ಯಪ್‌ಗೆ ಬೇಕಾದ ಕೋಡ್ ನಾನು ಹೆದರಿದ್ದಕ್ಕಿಂತ ಎಷ್ಟೋ ಕಡಿಮೆ.

ಒಂದು ವಿಷಯದಲ್ಲಿ ಮಾತ್ರ ಬಚಾವಾಗಿದ್ದೆ. ಪ್ಲೇ ಸ್ಟೋರ್ ಖಾತೆಯನ್ನು ಟೂಲ್‌ನವರ ಕೈಗೆ ಕೊಡದೆ 25 ಡಾಲರ್ ಕಟ್ಟಿ ನನ್ನ ಹೆಸರಿನಲ್ಲೇ ತೆರೆದಿದ್ದೆ. ಅದೂ 2023ರ ಅಕ್ಟೋಬರ್‌ನಲ್ಲಿ. ಅದೇ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಾದರೆ ಮೊದಲು ಹದಿನಾಲ್ಕು ದಿನ ಬಿಡದೆ ಪರೀಕ್ಷಕರಿಗೆ ಕೊಟ್ಟು ನೋಡಬೇಕು. ಆಗ 20 ಜನ ಬೇಕಿತ್ತು, ಈಗ 12. "ಒಂದು ಗಂಟೆಯಲ್ಲಿ ಆ್ಯಪ್ ಸ್ಟೋರ್‌ಗೆ" ಅನ್ನುವ ಜಾಹೀರಾತುಗಳು ಇದನ್ನು ಹೇಳುವುದಿಲ್ಲ. ಅಪ್‌ಡೇಟ್ ಕಳಿಸುವಾಗ ಅದು ನನ್ನದೇ ಅಂತ ಸಹಿ ಹಾಕುವ ಡಿಜಿಟಲ್ ಕೀ (ಅಪ್‌ಲೋಡ್ ಕೀ) ಟೂಲ್‌ನವರ ಬಳಿ ಇತ್ತು. ಖಾತೆ ನನ್ನದಾದ್ದರಿಂದ ಪ್ಲೇ ಕನ್ಸೋಲ್‌ನಲ್ಲಿ ಅರ್ಜಿ ಹಾಕಿ ಅಪ್‌ಲೋಡ್ ಕೀ ಬದಲಾಯಿಸಿಕೊಂಡೆ. ಖಾತೆಯೂ ಅವರದಾಗಿದ್ದರೆ ಬಳಸುವವರೆಲ್ಲರಿಗೂ "ಹಳೆಯದು ತೆಗೆದು ಹೊಸದು ಹಾಕಿ" ಅಂತ ಅಂಗಲಾಚಬೇಕಿತ್ತು. ಆದರೆ ಪ್ಲೇ ಸ್ಟೋರ್ ಆ್ಯಪ್ ಅನ್ನು ಗುರುತಿಸುವ ಒಳಹೆಸರು, ಅಂದರೆ ಪ್ಯಾಕೇಜ್ ಹೆಸರು ಮಾತ್ರ ಒಮ್ಮೆ ಪ್ರಕಟವಾದ ಮೇಲೆ ಬದಲಾಗುವುದಿಲ್ಲ. ಅದನ್ನು ಟೂಲ್ ತಾನೇ ಇಟ್ಟಿತ್ತು, ತನ್ನ ಹೆಸರನ್ನೇ ಮುಂದೆ ಸೇರಿಸಿ. ಹಾಗಾಗಿ ನನ್ನ ಆ್ಯಪ್‌ನ ಹೊಟ್ಟೆಯೊಳಗೆ ಅವರ ಹೆಸರು ಈಗಲೂ ಇದೆ, ಇನ್ನು ಮುಂದೆಯೂ ಇರುತ್ತೆ.

ಹಳೆಯ ಆ್ಯಪ್ ಫೋನಿನಲ್ಲಿ ಇರುವವರು ಪ್ಲೇ ಸ್ಟೋರ್‌ಗೆ ಹೋಗಿ ಒಮ್ಮೆ ಅಪ್‌ಡೇಟ್ ಒತ್ತಿ. ಹೊಸದು ನೋಡಲು ಅಷ್ಟು ಚಂದ ಇಲ್ಲ. ಅಪ್ಪನ ಫೋನಿನಲ್ಲಿ "ಬಡಗುತಿಟ್ಟು" ಪೂರ್ತಿ ಕಾಣುತ್ತೆ.