ರ‍್ಯಾಮ್ ಟ್ಯೂನ್ ಮಾಡಿರೋರು ಬೇಸಿಗೇಲಿ ಇನ್ನೊಂದ್ಸಲ ಟೆಸ್ಟ್ ಮಾಡ್ಕೊಳ್ಳಿ

ಹೊಸದಾಗಿ ಡೆಸ್ಕ್‌ಟಾಪ್ ಜೋಡಿಸ್ಕೊಂಡು ರ‍್ಯಾಮ್ ಟೈಮಿಂಗ್‌ಗೆ ಕೈ ಹಾಕ್ತಿರೋರು ದಯವಿಟ್ಟು ಇದನ್ನ ಓದಿ. ನಮ್ದು ಬಳ್ಳಾರಿ. ಡಿಸೆಂಬರ್‌ನಲ್ಲಿ ರೈಜನ್ 7700 ಪ್ರೊಸೆಸರ್, ಡಿಡಿಆರ್5 6000 ಸ್ಪೀಡಿನ 16 ಜಿಬಿ ಸ್ಟಿಕ್ ಎರಡು ಹಾಕಿ ಪಿಸಿ ಕಟ್ಟಿದ್ದೆ. ಎಕ್ಸ್‌ಪೋ (ರ‍್ಯಾಮ್ ಕಂಪನಿಯೇ ಕೊಟ್ಟಿರೋ ರೆಡಿ ಸೆಟ್ಟಿಂಗ್) ಆನ್ ಮಾಡಿ ಅಲ್ಲಿಗೇ ಬಿಡ್ಬೇಕಿತ್ತು, ಯಾವ್ದೋ ವಿಡಿಯೋ ನೋಡಿ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಬರೋ ಸೆಟ್ಟಿಂಗ್ಸ್) ಟಿಆರ್‌ಇಎಫ್‌ಐ ಅನ್ನೋ ರ‍್ಯಾಮ್ ಟೈಮಿಂಗ್‌ನ 65535ಕ್ಕೆ ಏರಿಸ್ದೆ. ರ‍್ಯಾಮ್ ಪರೀಕ್ಷೆ ಮಾಡೋ ಮೆಮ್‌ಟೆಸ್ಟ್86 ರಾತ್ರಿಯೆಲ್ಲಾ ಓಡಿಸಿದ್ರೂ ಒಂದೂ ಎರರ್ ಬರ್ಲಿಲ್ಲ, ಆಯ್ತು ಅಂತ ಸುಮ್ನಾದೆ.

ಏಪ್ರಿಲ್ ಬಂತು. ಗೇಮ್ ಆಡ್ತಾ ಆಡ್ತಾ ತಾನಾಗೇ ಕ್ಲೋಸ್ ಆಗೋದು, ಬ್ಲೂ ಸ್ಕ್ರೀನ್, ನಾನು ಗ್ರಾಫಿಕ್ಸ್ ಕಾರ್ಡ್ ಮೇಲೆ ಅನುಮಾನ ಪಟ್ಟು ಡ್ರೈವರ್ ಬದಲಾಯಿಸ್ದೆ, ವಿಂಡೋಸ್ ಎರಡು ಸಲ ಹಾಕ್ದೆ, ಏನೂ ಪ್ರಯೋಜನ ಆಗ್ಲಿಲ್ಲ. ಅದೇ ಟೈಮಲ್ಲಿ ಅಣ್ಣನ ಮಗಳ ನಾಮಕರಣದ ಫೋಟೋಗಳನ್ನ ಕ್ಯಾಮೆರಾ ಕಾರ್ಡಿಂದ ಪಿಸಿಗೆ ಕಾಪಿ ಮಾಡಿ ಕಾರ್ಡ್ ಫಾರ್ಮ್ಯಾಟ್ ಮಾಡ್ಬಿಟ್ಟೆ. ವಾರ ಬಿಟ್ಟು ತೆಗೆದು ನೋಡಿದ್ರೆ ಎಷ್ಟೋ ಫೋಟೋ ಅರ್ಧಕ್ಕೆ ಬೂದು ಬಣ್ಣ, ಕೆಲವು ಓಪನ್ನೇ ಆಗಲ್ಲ. ಕಾಪಿ ಆಗೋವಾಗ ಒಂದೇ ಒಂದು ಎರರ್ ತೋರ್ಸಿರ್ಲಿಲ್ಲ ನೋಡಿ.

ಕಾಪಿ ಆಗೋ ಫೈಲ್ ರ‍್ಯಾಮ್ ಮೂಲಕವೇ ಹೋಗುತ್ತೆ, ತಪ್ಪು ಆಗಿದ್ದು ಅಲ್ಲೇ. ಕಾರಣ ಏನಂದ್ರೆ, ರ‍್ಯಾಮಲ್ಲಿ ಡೇಟಾ ನಿಂತಿರೋದು ಸಣ್ಣ ಸಣ್ಣ ಕೆಪಾಸಿಟರ್‌ಗಳ ಚಾರ್ಜ್ ಮೇಲೆ, ಅದು ಸೋರ್ತಾನೇ ಇರುತ್ತೆ, ಅದಕ್ಕೇ ಮತ್ತೆ ಮತ್ತೆ ರಿಫ್ರೆಶ್ ಆಗ್ತಿರ್ಬೇಕು. ಎಷ್ಟು ಹೊತ್ತಿಗೊಂದು ರಿಫ್ರೆಶ್ ಅನ್ನೋದೇ ಟಿಆರ್‌ಇಎಫ್‌ಐ. 6000 ಸ್ಪೀಡಿಗೆ ಮಾಮೂಲಿ 11700 ಆಸುಪಾಸು ಇರುತ್ತೆ, ನಾನು ಐದು ಪಟ್ಟಿಗಿಂತ ಜಾಸ್ತಿ ಮಾಡಿದ್ದೆ. ಬಿಸಿ ಏರಿದಷ್ಟೂ ಚಾರ್ಜ್ ಬೇಗ ಸೋರುತ್ತೆ. ಚಳಿಗಾಲದ ರಾತ್ರಿ ತಡ್ಕೊಂಡಿದ್ದು ಬಳ್ಳಾರಿ ಬಿಸಿಲಿಗೆ ತಡೀಲಿಲ್ಲ.

ಇನ್ನೊಂದು, ಮೆಮ್‌ಟೆಸ್ಟ್86 ಪೆನ್‌ಡ್ರೈವಿಂದ ಬೂಟ್ ಆಗಿ ಓಡುತ್ತೆ, ಆಗ ಗ್ರಾಫಿಕ್ಸ್ ಕಾರ್ಡ್ ತಣ್ಣಗೆ ಕೂತಿರುತ್ತೆ, ಗೇಮ್ ಆಡೋವಾಗ ಅದರ ಬಿಸಿಗಾಳಿಯೆಲ್ಲಾ ರ‍್ಯಾಮ್ ಕಡೆಗೇ ಏಳುತ್ತೆ. ವಾಟರ್ ಕೂಲರ್ ಇದೆ, ಪ್ರೊಸೆಸರ್ 70 ಡಿಗ್ರಿ ದಾಟಲ್ಲ ಅಂತ ನಾನು ಧೈರ್ಯವಾಗಿದ್ದೆ, ಆದ್ರೆ ಪ್ರೊಸೆಸರ್ ಮೇಲೆ ಫ್ಯಾನ್ ಇಲ್ದಿರೋದ್ರಿಂದ ರ‍್ಯಾಮ್ ಸುತ್ತ ಗಾಳಿ ಆಡೋದು ಕಮ್ಮೀನೇ ಆಗಿತ್ತು. ಬಿಸಿ ಎಷ್ಟಿದೆ ಅಂತ ತೋರ್ಸೋ ಎಚ್‌ಡಬ್ಲ್ಯೂಇನ್ಫೋದಲ್ಲಿ ನೋಡಿದ್ರೆ ಸ್ಟಿಕ್ 63 ಡಿಗ್ರಿ. ಮಧ್ಯಾಹ್ನ ಗ್ರಾಫಿಕ್ಸ್ ಕಾರ್ಡ್‌ಗೆ ಲೋಡ್ ಕೊಟ್ಟು ಜೊತೆಗೇ ವಿಂಡೋಸ್ ಒಳಗೇ ರ‍್ಯಾಮ್ ಪರೀಕ್ಷೆ ಮಾಡೋ ಟೆಸ್ಟ್‌ಮೆಮ್5 ಓಡಿಸ್ದೆ, ಹತ್ತು ನಿಮಿಷದೊಳಗೆ ಎರರ್ ಸುರೀತು.

ಈಗ ಟಿಆರ್‌ಇಎಫ್‌ಐ ಆಟೋಗೆ ಹಾಕಿ, ಮುಂದ್ಗಡೆ ಎರಡು ಫ್ಯಾನ್ ಸೇರಿಸಿದೀನಿ, ಒಂದು ಎರರೂ ಇಲ್ಲ. ನೀವು ಟ್ಯೂನ್ ಮಾಡೋದಾದ್ರೆ ಟೆಸ್ಟ್ ಮುಗಿಯೋವರೆಗೂ ಮುಖ್ಯವಾದ ಫೈಲ್ ಯಾವ್ದನ್ನೂ ಆ ಪಿಸಿಗೆ ಹಾಕ್ಬೇಡಿ, ಹಾಕಿದ್ರೂ ಕ್ಯಾಮೆರಾ ಕಾರ್ಡ್ ಮಾತ್ರ ಅಳಿಸ್ಬೇಡಿ. ರಿಕವರಿ ಸಾಫ್ಟ್‌ವೇರಿಂದ ಸ್ವಲ್ಪ ಫೋಟೋ ವಾಪಸ್ ಬಂದ್ವು, ಮಗು ಕಿವೀಲಿ ಅಜ್ಜಿ ಹೆಸರು ಹೇಳ್ತಿರೋದು ಮಾತ್ರ ಸಿಗ್ಲಿಲ್ಲ.